ಹಳಿಯ ಸಂದಿನಲ್ಲಿ ಬೇವಿನ ಕಡ್ಡಿ

ಕೆಂಚನಹಾಳಕ್ಕೆ ರೈಲು ಬರುವುದು ನಿಂತು ಒಂದು ತಲೆಮಾರೇ ಕಳೆದಿತ್ತು. ಟಿಕೇಟಿನ ಕಿಂಡಿಯಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಹಳಿಯ ನಡುವೆ ಜಾಲಿ ಆಳೆತ್ತರ ಬೆಳೆದಿತ್ತು. ಆ ಹಳಿಯನ್ನು ಕಿತ್ತು ಗುಜರಿಗೆ ಹಾಕುತ್ತಾರೆಂಬ ಸುದ್ದಿ ಬಂದಾಗ ಊರಿನವರು ಅಡ್ಡ ನಿಂತರು. "ಹಳಿ, ಸ್ಟೇಷನ್ನು ಎರಡೂ ನಾವೇ ರಿಪೇರಿ ಮಾಡ್ತೀವ್ರಿ. ಕೂಲಿ ಬ್ಯಾಡ, ಏನೂ ಬ್ಯಾಡ."

"ಆಯ್ತು, ಯುಗಾದಿಗೆ ಮೊದಲು ಬಂದು ನೋಡುತ್ತೇನೆ. ಹಳಿಯ ಮೇಲೆ ತಳ್ಳುವ ಟ್ರಾಲಿ ಈ ಸ್ಟೇಷನ್ನಿನಿಂದ ಮುಂದಿನದಕ್ಕೆ ಓಡಿದರೆ ಹಳಿ ನಿಮ್ಮದು. ಓಡದಿದ್ದರೆ ಗುಜರಿ ಲಾರಿ ಬರುತ್ತದೆ," ಎಂದರು ರೈಲ್ವೆಯ ಸಾಹೇಬರು.

ಕೆಲಸಕ್ಕೆ ಮುಂದಾಳು ಗೌಂಡಿ ಯಮನಪ್ಪ. ಗೋಡೆ ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಎಲ್ಲಿ ಬಿರುಕು ಕಂಡರೂ ಅವನ ಕೈ ತುರಿಸುತ್ತಿತ್ತು. ಮೆತ್ತಿ ಮುಚ್ಚಿದ ಮೇಲೇ ಉಣ್ಣಲು ಕೂರುವವನು.

ಚಳಿಯ ದಿನಗಳಲ್ಲಿ ಹಳಿ ಬಿಚ್ಚಿ ಮತ್ತೆ ಜೋಡಿಸುವಾಗ ಅವನಿಗೊಂದು ವಿಚಿತ್ರ ಕಂಡಿತು. ಒಂದು ಹಳಿ ಮುಗಿದು ಇನ್ನೊಂದು ಶುರುವಾಗುವಲ್ಲೆಲ್ಲ ಸಣ್ಣ ಸಂದು!

"ನೋಡ್ರಪಾ, ಹಿಂದಿನವರ ಕೆಲಸ! ಕೂಲಿ ತಿಂದು ಹೋಗ್ಯಾರ," ಎಂದು ನಕ್ಕ.

ಸ್ಟೇಷನ್ನಿನ ಬಾಗಿಲಲ್ಲಿ ಮಿರ್ಚಿ ಕರಿಯುವ ನೀಲವ್ವ ಕೇಳಿದಳು: "ಯಮನಣ್ಣ, ಒಂದು ಕಡೆ ಬಿಟ್ಟಿದ್ರ ಮರೆತಾರ ಅನ್ನಬಹುದು. ಎಲ್ಲಾ ಕಡೆ ಯಾಕ ಬಿಟ್ಟಾರ?"

"ನಿಂದು ಬರೇ ಯಾಕ, ಯಾಕ! ಎಣ್ಣಿ ಸೀದೀತು, ನೋಡ್ಕೋ ಹೋಗು."

ಎಲ್ಲರೂ ನಕ್ಕರು. ಹಳಿಗೆ ಹಳಿ ಒತ್ತಿ, ಬೋಲ್ಟು ಬಿಗಿದರು. ಸಂದುಗಳೆಲ್ಲ ಕೂಡಿ ಕೊನೆಯಲ್ಲಿ ಮಾರುದ್ದ ಜಾಗ ಉಳಿಯಿತು. ಅಲ್ಲಿಗೊಂದು ತುಂಡು ಹಳಿ ಕೂರಿಸಿದರು. ಬೆಳ್ಳಂಬೆಳಿಗ್ಗೆ ಟ್ರಾಲಿ ಓಡಿಸಿದರೆ ಬೆಣ್ಣೆಯ ಮೇಲೆ ಓಡಿದ ಹಾಗೆ! ಸದ್ದೇ ಇಲ್ಲ.

ಶಿವರಾತ್ರಿ ಕಳೆದು ಬಿಸಿಲೇರಿತು. ಒಂದು ಮಧ್ಯಾಹ್ನ ನೀಲವ್ವ ಓಡಿ ಬಂದಳು. "ಯಮನಣ್ಣ, ಹಳಿ ಹಾವಾಗೇತಿ!"

ಹೋಗಿ ನೋಡಿದರೆ ನೆಟ್ಟಗಿದ್ದ ಹಳಿ ಸೊಟ್ಟಗೆ ಬಳುಕಿ ಪಕ್ಕಕ್ಕೆ ಸರಿದಿತ್ತು.

ಟ್ರ್ಯಾಕ್ಟರ್ ಓಡಿಸುವ ಬಾಳಪ್ಪ ಸುತ್ತಿಗೆ ಎತ್ತಿದ. "ಬಡಿದು ಸರಿ ಮಾಡೋಣ. ಸಾಹೇಬ್ರು ಬರೋದು ಸೋಮವಾರ ಮುಂಜಾನಿ ತಂಪೊತ್ತಿನ್ಯಾಗ. ಯಾರಿಗೆ ಗೊತ್ತಾಗ್ತದ?"

ಯಮನಪ್ಪ ಆ ಸುತ್ತಿಗೆಯನ್ನು ಇಸಿದುಕೊಂಡು ಕೆಳಗಿಟ್ಟ. ಅವನ ತಲೆಯೊಳಗೆ ಹುಳ ಹೊಕ್ಕಿತ್ತು. ಹಳ್ಳದ ಆಚೆಗೆ ತಾವು ಮುಟ್ಟದ ಹಳೆಯ ಹಳಿ ಇತ್ತಲ್ಲ, ಅದು ಹೇಗಿದೆ? ನಡೆದು ಹೋಗಿ ನೋಡಿದ. ಅದೇ ಕಬ್ಬಿಣ, ಅದೇ ಬಿಸಿಲು. ಆದರೆ ದಾರ ಹಿಡಿದ ಹಾಗೆ ನೆಟ್ಟಗಿತ್ತು.

"ಯಾಕ?" ಎಂದ. ಆ ಮಾತು ತನ್ನ ಬಾಯಲ್ಲೇ ಬಂದದ್ದು ಕೇಳಿ ಅವನಿಗೇ ನಗು ಬಂತು.

ಮರುದಿನ ಮುಂಜಾನೆ ಹಲ್ಲುಜ್ಜುತ್ತ ಮತ್ತೆ ಅಲ್ಲಿಗೇ ಹೋದ. ಬಾಯಲ್ಲಿದ್ದ ಬೇವಿನ ಕಡ್ಡಿಯನ್ನು ಆ ಹಳೆಯ ಹಳಿಯ ಸಂದಿಗೆ ಇಟ್ಟ. ಸಲೀಸಾಗಿ ಇಳಿಯಿತು. ಎಳೆದ, ಬಂತು. ಮತ್ತೆ ಇಟ್ಟು ಅಲ್ಲೇ ಬೇಲಿಯ ನೆರಳಲ್ಲಿ ಕೂತ. ಹೊತ್ತು ನೆತ್ತಿಗೇರಿದಾಗ ಎಳೆದ. ಬರಲಿಲ್ಲ! ಹಳಿ ಎರಡೂ ಕಡೆಯಿಂದ ಬಂದು ಕಡ್ಡಿಯನ್ನು ಕಚ್ಚಿ ಹಿಡಿದಿತ್ತು.

ಆಗ ಅವನಿಗೆ ಕಮ್ಮಾರನ ಅಂಗಳ ನೆನಪಾಯಿತು. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವಾಗ ಕುಳ್ಳಿನ ಬೆಂಕಿಯಲ್ಲಿ ಕಾಯಿಸುತ್ತಾರೆ. ಕಾದರೆ ಪಟ್ಟಿ ಹಿಗ್ಗುತ್ತದೆ, ನೀರು ಹೊಯ್ದರೆ ಕುಗ್ಗಿ ಗಾಲಿಯನ್ನು ಬಿಗಿಯುತ್ತದೆ. ಹುಟ್ಟಿದಾಗಿನಿಂದ ನೋಡಿದ್ದು. ಆದರೂ ಹೊಳೆದಿರಲಿಲ್ಲ.

ಊರಿಗೆ ಬಂದವನೇ ಕಡ್ಡಿ ಸಿಕ್ಕಿಬಿದ್ದದ್ದನ್ನು ಎಲ್ಲರಿಗೂ ವಿವರಿಸಿ ಹೇಳಿದ: "ಕಾದ ಹಳಿ ಹಿಗ್ಗಾಕ ಬಿಟ್ಟ ಸಂದು ಮುಚ್ಚಿದ್ದು ನನ್ನ ತಪ್ಪು. ಎಲ್ಲಾ ಬಿಚ್ಚಿ ಮೊದಲಿನಂಗ ಸಂದು ಬಿಡೋಣ. ಆ ತುಂಡು ಹಳಿ ತೆಗೀರಿ."

"ಸ್ಟೇಷನ್ನಿನ ಗೋಡಿ? ಗಿಲಾವು ಆಗಿಲ್ಲ, ಸುಣ್ಣ ಆಗಿಲ್ಲ! ಸೋಮವಾರದೊಳಗ ಎರಡೂ ಆಗೂದಿಲ್ಲ ನೋಡು," ಎಂದ ಬಾಳಪ್ಪ.

ಯಮನಪ್ಪ ಬಿರುಕು ಬಿಟ್ಟ ಗೋಡೆಯನ್ನೊಮ್ಮೆ ನೋಡಿದ. ಕೈ ತುರಿಸಿತು. ಆ ಕೈಯನ್ನು ಹಿಂದೆ ಕಟ್ಟಿಕೊಂಡ. "ಗೋಡಿ ಇರಲಿ. ಬಾ, ಬೋಲ್ಟು ಬಿಚ್ಚೋ ಪಾನಾ ಹಿಡಿ."

ಸೋಮವಾರ ಸಾಹೇಬರು ಬಂದರು. ಗೋಡೆ ನೋಡಿ ಹುಬ್ಬು ಗಂಟಿಕ್ಕಿದರು. "ಏನಪ್ಪಾ ಗೌಂಡಿ, ನಿನ್ನ ಕೆಲಸವೇ ಆಗಿಲ್ಲವಲ್ಲ?"

"ಹೌದ್ರಿ. ಬಿರುಕಿನ ಗೋಡಿ ಯಾರನ್ನೂ ಕೊಲ್ಲೂದಿಲ್ರಿ, ಸೊಟ್ಟ ಹಳಿ ಕೊಲ್ತದ. ಒಂದು ಬೇಡಿಕಿ ಅದ. ಈ ತಂಪಿನ್ಯಾಗ ನೋಡಬ್ಯಾಡ್ರಿ. ಬಿಸಿಲೇರಲಿ, ಆಮ್ಯಾಲ ಓಡಿಸೋಣ."

ಸಾಹೇಬರಿಗೂ ಕುತೂಹಲವಾಯಿತು. ನೀಲವ್ವನ ಮಿರ್ಚಿ ತಿನ್ನುತ್ತ ಕೂತರು. ಕಲ್ಲು ಕಾದು ಸಿಡಿಯುವ ಹೊತ್ತಿಗೆ ನೀಲವ್ವನೂ ಸೇರಿ ಎಲ್ಲರೂ ಟ್ರಾಲಿ ಏರಿದರು. ಕಟಕ್, ಕಟಕ್, ಕಟಕ್! ಒಂದೊಂದು ಸಂದಿಗೂ ಒಂದೊಂದು ಸದ್ದು. ಹಳ್ಳ ದಾಟಿತು, ಜಾಲಿಯ ಬನ ದಾಟಿತು, ಮುಂದಿನ ಸ್ಟೇಷನ್ನು ಮುಟ್ಟಿಯೇ ನಿಂತಿತು.

"ಹಳಿ ನಿಮ್ಮದು. ಅಲ್ಲಪ್ಪಾ, ಬಿಸಿಲೇರಲಿ ಅಂತ ಯಾಕೆ ಕಾಯಿಸಿದೆ?" ಎಂದರು ಸಾಹೇಬರು.

ಯಮನಪ್ಪ ಟ್ರಾಲಿಯಿಂದ ಇಳಿದ. ಪಕ್ಕದ ಮರದಿಂದ ಒಂದು ಬೇವಿನ ಕಡ್ಡಿ ಮುರಿದು ನೀಲವ್ವನ ಕೈಗೆ ಕೊಟ್ಟ.

"ಮೊದಲು ಕೇಳಿದಾಕಿ ಈಕಿ. ಈಕೀನೇ ತೋರಿಸ್ತಾಳ್ರಿ."

ನೀತಿ: ಹಿಂದಿನವರು ಮಾಡಿಟ್ಟದ್ದು ಕೊರತೆಯಂತೆ ಕಂಡರೆ ತಿದ್ದಲು ಕೈ ಹಾಕುವ ಮೊದಲು "ಯಾಕೆ ಹೀಗೆ?" ಎಂದು ಕೇಳಿ. ಕೇಳುವವರನ್ನು ನೋಡಿ ನಗಬೇಡಿ.