ಈ ಹಾಸು ಮುಗಿಯಲಿ

“ಗುರುಗಳೇ, ಬೇಡ ಎನ್ನುವವನನ್ನು ಹೇಗಾದರೂ ಒಪ್ಪಿಸಬಹುದು. ಹೂಂ ಎಂದು ಒಪ್ಪಿಕೊಂಡೂ ಮಾಡದವನನ್ನು ಏನು ಮಾಡಬೇಕು?”

ಕೇಳಿದವನು ಗದಿಗೆಯ್ಯ, ಮಠದ ಶಿಷ್ಯರಲ್ಲಿ ಕಿರಿಯವನು. ತಿಂಗಳಿಗೊಮ್ಮೆ ಸುತ್ತಲಿನ ಓಣಿಗಳಿಗೆ ಹೋಗಿ ಮನೆಮನೆಯವರಿಗೂ ಆರೋಗ್ಯದ ಮಾತು ಹೇಳಿ ಬರುವುದು ಗುರುಗಳು ಅವನಿಗೆ ಒಪ್ಪಿಸಿದ ಕೆಲಸ. ನೀರು ಕಾಯಿಸಿ ಕುಡಿಯಿರಿ, ಕೊಡಗಳನ್ನು ಮುಚ್ಚಿಡಿ, ಮಕ್ಕಳಿಗೆ ಚುಚ್ಚುಮದ್ದು ತಪ್ಪಿಸಬೇಡಿ, ನಲವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಅಂದು ಮೂವತ್ತಾರು ಮನೆ ತಿರುಗಿ ಬಂದಿದ್ದ. ಮುಖ ಕೆಂಪಗಾಗಿತ್ತು, ಬಿಸಿಲಿಗೋ ಸಿಟ್ಟಿಗೋ.

“ಎಲ್ಲರೂ ಕೂಡಿಸಿ ಚಹಾ ಕೊಡುತ್ತಾರೆ. ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ. ಮುಂದಿನ ತಿಂಗಳು ಹೋದರೆ ಕೊಡ ಹಾಗೇ ತೆರೆದಿರುತ್ತದೆ. ಇವರಿಗೆ ಜೀವದ ಮೇಲೆ ಆಸೆಯೇ ಇಲ್ಲವೇ?”

ಗುರುಗಳು ನಕ್ಕರು. “ಮೂವತ್ತಾರು ಮನೆಯ ಚಹಾ ಕುಡಿದು ಬಂದಿದ್ದೀ. ಹೇಗೂ ಹೊಟ್ಟೆ ತುಂಬಿದೆ. ಕೂತು ಒಂದು ಕತೆ ಕೇಳು,” ಎಂದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಮನೆಯಲ್ಲಿ ಹೆಂಡತಿ, ಆರು ವರ್ಷದ ಮಗಳು, ಒಂದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಮಗ್ಗದ ಕೋಣೆಯೇ ಮನೆ. ಅಲ್ಲೇ ಅಡುಗೆ, ಅಲ್ಲೇ ಊಟ, ಅಲ್ಲೇ ನಿದ್ದೆ. ಆ ಕೋಣೆಗೆ ಒಂದೇ ಕಿಟಕಿ. ಅದಕ್ಕೆ ಚಿಲಕ ಹಾಕಿ ಸಂದಿಗಳಿಗೆ ಚಿಂದಿ ತುರುಕಿದವನು ನೇಕಾರನ ಅಜ್ಜ. ಮಗ್ಗದವರು ಒಣಗಾಳಿಗೆ ಹೆದರುತ್ತಾರೆ. ಒಣಗಾಳಿ ತಾಗಿದರೆ ಗಂಜಿ ಹಾಕಿದ ನೂಲು ಪಟಪಟನೆ ಹರಿಯುತ್ತದೆ. ಆದ್ದರಿಂದ ಕಿಟಕಿ ಮುಚ್ಚಬೇಕು, ಕುಣಿಯ ಸುತ್ತ ನೀರು ಚಿಮುಕಿಸಬೇಕು, ಕೋಣೆ ಸದಾ ತೇವವಾಗಿರಬೇಕು. ನೂಲಿಗೆ ಅದು ಹಿತ.

ಆ ನೇಕಾರನ ಕಿವಿ ಓಣಿಗೇ ಹೆಸರಾಗಿತ್ತು. ಎರಡು ಸಾವಿರ ಎಳೆಗಳಲ್ಲಿ ಒಂದು ಹರಿದರೂ ಅವನಿಗೆ ಕೇಳಿಸುತ್ತಿತ್ತು. ಬೀಗರ ಜೊತೆ ಮಾತಾಡುತ್ತಿದ್ದರೂ ಕೈ ತಟ್ಟನೆ ನಿಲ್ಲುತ್ತಿತ್ತು. ಹರಿದ ಎಳೆಗೆ ಆಗಲೇ ಗಂಟು ಹಾಕಬೇಕು, ಒಂದು ಗೇಣು ನೇಯ್ದ ಮೇಲೆ ನೋಡಿದರೆ ಸೀರೆಯಲ್ಲಿ ಗೆರೆ ಬಿದ್ದಿರುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ ಎಂದು ಅವನು ಹೊಸಬರಿಗೆ ಹೇಳಿಕೊಡುತ್ತಿದ್ದ. ಮಾತು ನಿಜ. ನೂಲಿನ ವಿಷಯದಲ್ಲಿ ಅವನು ಬಹಳ ತಿಳಿದವನು.

ಹೆಂಡತಿ ಮಗ್ಗದ ಪಕ್ಕದಲ್ಲೇ ರಾಟೆಯ ಮುಂದೆ ಕೂತು, ಲಾಳಿಯಲ್ಲಿ ಇಡುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಬೆಳಗಿನಿಂದ ದೀಪ ಹಚ್ಚುವವರೆಗೆ ಅದೇ ಕೆಲಸ. ಆಕೆಗೆ ಕೆಮ್ಮು ಹತ್ತಿತು.

ಆ ಊರಿಗೆ ತಿಂಗಳಿಗೊಮ್ಮೆ ಒಬ್ಬ ಹಿತ ಹೇಳುವವನು ಬರುತ್ತಿದ್ದ. ನಿನ್ನ ಹಾಗೆಯೇ ಬಿಸಿರಕ್ತದವನು. ಹತ್ತು ಗಂಟೆಯ ಬಸ್ಸಿಗೆ ಬಂದು, ಓಣಿಯ ಮನೆಗಳನ್ನೆಲ್ಲ ಮುಗಿಸಿ, ಎರಡು ಗಂಟೆಯ ಬಸ್ಸಿಗೆ ಹೋಗುತ್ತಿದ್ದ. ಆ ಬಸ್ಸು ತಾಲೂಕಿನ ದವಾಖಾನೆಯ ಮುಂದೆ ನಿಂತು ಹೋಗುತ್ತಿತ್ತು. ಅವನು ಚೆನ್ನಾಗಿ ಮಾತಾಡುತ್ತಿದ್ದ. ಅದು ಅವನಿಗೂ ಗೊತ್ತಿತ್ತು.

ನೇಕಾರನ ಮನೆಯಲ್ಲಿ ಬಂದವರು ಕೂರಲು ಒಂದೇ ಕುರ್ಚಿ. ಬೇರೆ ಕಡೆ ಜಾಗವಿಲ್ಲದ್ದರಿಂದ ಅದನ್ನು ಕಿಟಕಿಯ ಕೆಳಗೆ ಹಾಕುತ್ತಿದ್ದರು. ಹೇಳುವವನು ಅಲ್ಲಿ ಕೂತಾಗ ಹೆಂಗಸು ಕೆಮ್ಮಿದಳು. ಎಷ್ಟು ದಿನದಿಂದ ಎಂದು ಕೇಳಿದ. ತಿಂಗಳಾಯಿತು ಎಂದಳು. ಅವನು ನೇಕಾರನಿಗೆ ಸರಿಯಾದದ್ದನ್ನೇ ಹೇಳಿದ. ಎರಡು ವಾರ ದಾಟಿದ ಕೆಮ್ಮನ್ನು ಹಾಗೇ ಬಿಡಬಾರದು. ದವಾಖಾನೆಯಲ್ಲಿ ಕಫ ಪರೀಕ್ಷೆ ಮಾಡುತ್ತಾರೆ. ಕ್ಷಯವೇ ಆಗಿದ್ದರೂ ಅಂಜಬೇಕಾಗಿಲ್ಲ, ತಪ್ಪದೆ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ. ಈ ಕಿಟಕಿ ತೆರೆಯಿರಿ, ಗಾಳಿ ಬೆಳಕು ಬರಲಿ. ಮನೆಯಲ್ಲಿ ಮಗು ಇದೆ.

ನೇಕಾರ ಕೈ ಮುಗಿದ. “ಹೂಂ ರೀ ಅಣ್ಣಾರ, ಖರೇ ಹೇಳಿದ್ರಿ. ಈ ಹಾಸು ಒಂದು ಮುಗೀಲಿ. ಮುಗದ ಮರುದಿನಾನ ಕಿಡಕಿ ತಗೀತೀನಿ, ಆಕೀನ್ನೂ ದವಾಖಾನಿಗೆ ಕರಕೊಂಡು ಹೋಗ್ತೀನಿ.”

ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಹೂಡಿದ ನೂಲು. ಒಂದು ಹಾಸಿನಲ್ಲಿ ಐದು ಸೀರೆ ಇಳಿಯುತ್ತವೆ. ಹಾಸು ಮಗ್ಗದ ಮೇಲಿರುವಾಗ ಕೋಣೆಯಲ್ಲಿ ಏನನ್ನೂ ಅಲುಗಿಸಬಾರದು ಎನ್ನುವುದು ಆ ಜನರ ರೂಢಿ. ಗೋಡೆಗೆ ಸುಣ್ಣ ಬಳಿಯುವುದಿಲ್ಲ, ಹೆಂಚು ಇಳಿಸುವುದಿಲ್ಲ. ಹೇಳುವವನಿಗೆ ಈ ಮಾತು ಒಪ್ಪಿಗೆಯಾಯಿತು. ಚಹಾ ಕುಡಿದು ಮುಂದಿನ ಮನೆಗೆ ಹೋದ.

ಗದಿಗೆಯ್ಯ ನಡುವೆ ಬಾಯಿ ಹಾಕಿದ. “ಐದು ಸೀರೆ ಅಂದರೆ ಒಂದು ತಿಂಗಳು. ಅಷ್ಟು ಕಾಯಬಹುದಲ್ಲ?”

“ಅವನೂ ಹಾಗೇ ಅಂದುಕೊಂಡ,” ಎಂದರು ಗುರುಗಳು.

ಆದರೆ ಹಾಸು ಮುಗಿಯುವುದು ಎಂದರೆ ಏನು ಎಂದು ಅವನು ಕೇಳಲಿಲ್ಲ. ಕೊನೆಯ ಸೀರೆ ಇಳಿಯುವ ಹೊತ್ತಿಗೆ ನೇಕಾರ ಹೊಸ ನೂಲು ತಂದಿಟ್ಟಿರುತ್ತಾನೆ. ಹಳೆಯ ಒಂದೊಂದು ಎಳೆಯ ತುದಿಗೆ ಹೊಸ ಒಂದೊಂದು ಎಳೆಯನ್ನು ಹೊಸೆದು ಕೂಡಿಸುತ್ತಾನೆ. ಹಾಗೆ ಕೂಡಿಸದೆ ಬಿಟ್ಟರೆ ಎರಡು ಸಾವಿರ ಎಳೆಗಳನ್ನೂ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳಲ್ಲಿ ಮೊದಲಿನಿಂದ ಪೋಣಿಸಬೇಕು. ಅಷ್ಟು ಕಷ್ಟ ಯಾರಿಗೆ ಬೇಕು? ಆದ್ದರಿಂದ ಯಾವ ನೇಕಾರನೂ ಹಾಸನ್ನು ಪೂರ್ತಿ ಮುಗಿಯಲು ಬಿಡುವುದಿಲ್ಲ. ಈ ಮನೆಯ ಮಗ್ಗದ ಮೇಲೆ ಅಜ್ಜ ಹೂಡಿದ ಹಾಸಿನ ತುದಿಗೆ ಅಪ್ಪ ಕೂಡಿಸಿದ, ಅಪ್ಪನದಕ್ಕೆ ಮಗ ಕೂಡಿಸಿದ. ಅರವತ್ತು ವರ್ಷದಿಂದ ಅದು ಮುಗಿದಿರಲಿಲ್ಲ.

ನೇಕಾರ ಸುಳ್ಳು ಹೇಳಿದ ಎಂದು ತಿಳಿಯಬೇಡ. ಹಾಸು ಮುಗಿಯಲಿ ಎಂದಾಗ ಅವನ ಮನಸ್ಸಿನಲ್ಲೂ ಅದು ಮುಗಿಯುತ್ತದೆ ಎಂದೇ ಇತ್ತು.

ಮುಂದಿನ ತಿಂಗಳು ಹೇಳುವವನು ಮತ್ತೆ ಬಂದ. ಹಿಂದೆ ಹಳದಿ ಇದ್ದಲ್ಲಿ ಈಗ ಹಸಿರು ನೂಲು ಇತ್ತು. ಬಣ್ಣ ಬಹಳ ಚೆನ್ನಾಗಿದೆ ಎಂದು ಮೆಚ್ಚಿದ. ಕಿಟಕಿಯ ಮಾತು ಹೇಳಿದ, ದವಾಖಾನೆಯ ಮಾತು ಹೇಳಿದ. ಈ ಹಾಸು ಮುಗಿಯಲಿ ಎಂದ ನೇಕಾರ. ಹಳದಿ ಹೋಗಿ ಹಸಿರು ಬಂದಿದೆ ಎಂದರೆ ಹೇಳಿದ ಹಾಸು ಮುಗಿದೇ ಹೋಗಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಮೂರನೆಯ ತಿಂಗಳು ನೀಲಿ. ನಾಲ್ಕನೆಯ ತಿಂಗಳು ಕೆಂಪು. ಅದೇ ಕುರ್ಚಿ, ಅದೇ ಚಹಾ, ಅದೇ ಹೂಂ.

ಹೇಳುವವನಿಗೆ ಸಿಟ್ಟು ಬರತೊಡಗಿತು. ಇವರಿಗೆ ಜೀವದ ಮೇಲೆ ಆಸೆಯೇ ಇಲ್ಲವೇ ಎಂದುಕೊಂಡ. ಮಾತನ್ನು ಇನ್ನೂ ಚೆನ್ನಾಗಿ ಜೋಡಿಸಿಕೊಂಡು ಬಂದ. ಓಣಿಯವರು ಇನ್ನೂ ಹೆಚ್ಚು ತಲೆದೂಗಿದರು.

ಆರನೆಯ ತಿಂಗಳು ಅವನು ಹೊರಟಾಗ ಆ ಹೆಂಗಸು ಹೊಸ್ತಿಲವರೆಗೆ ಬಂದಳು. ಅಂದು ಒಗೆದ ಸೀರೆ ಉಟ್ಟು ತಲೆ ಬಾಚಿಕೊಂಡಿದ್ದಳು. “ಅಣ್ಣಾರ, ದವಾಖಾನಿ ಕಡೆ ಬಸ್ಸು ಎಷ್ಟಕ್ಕ ಬರತೈತ್ರಿ?” ಎಂದು ಕೇಳಿದಳು. “ಎರಡಕ್ಕ,” ಎಂದು ಹೇಳಿ ಅವನು ಮುಂದೆ ಹೋದ. ಅವನಿಗೆ ಇನ್ನೂ ಮೂರು ಮನೆ ಉಳಿದಿದ್ದವು.

ಗದಿಗೆಯ್ಯ ಮತ್ತೆ ಕೇಳಿದ. “ಗಂಡನಾದವನಿಗೆ ಅಂಥ ಕಿವಿ ಇತ್ತಲ್ಲ. ಅಷ್ಟು ತಿಂಗಳು ಕೆಮ್ಮು ಕೇಳಿಯೂ ಹೇಗೆ ಕೂತಿದ್ದ?”

ಅದನ್ನೇ ಹೇಳುತ್ತೇನೆ. ಮೊದಮೊದಲು ಆಕೆ ಕೆಮ್ಮಿದರೆ ಅವನ ಕೈ ನಿಲ್ಲುತ್ತಿತ್ತು. ಎದ್ದು ನೀರು ಕೊಡುತ್ತಿದ್ದ, ಬೆನ್ನು ಸವರುತ್ತಿದ್ದ. ಕೈ ನಿಂತಾಗೆಲ್ಲ ಸೀರೆ ಹಿಂದೆ ಬೀಳುತ್ತಿತ್ತು. ತನ್ನಿಂದ ಹೀಗಾಯಿತಲ್ಲ ಎಂದು ಆಕೆಗೆ ಸಂಕೋಚ. ಬನವ್ವ ಬಹಳ ಸಂಕೋಚದ ಹೆಂಗಸು.

ಗದಿಗೆಯ್ಯ ತಲೆ ಎತ್ತಿ ನೋಡಿದ. ಗುರುಗಳ ಕತೆಗಳಲ್ಲಿ ಯಾರಿಗೂ ಹೆಸರು ಇರುತ್ತಿರಲಿಲ್ಲ. ಗುರುಗಳು ಅವನ ಕಡೆ ನೋಡದೆ ಮುಂದುವರಿಸಿದರು.

ಮಗ್ಗಕ್ಕೆ ಒಂದು ತಾಳ ಇದೆ. ಲಾಳಿ ಈ ಕಡೆಯಿಂದ ಆ ಕಡೆ ಓಡುತ್ತದೆ, ಹಿಂದೆಯೇ ಹಣಿಗೆ ಧಡ್ ಎಂದು ನೂಲನ್ನು ಒತ್ತುತ್ತದೆ. ಆಕೆ ಆ ಧಡ್ ಎನ್ನುವ ಹೊತ್ತಿಗೇ ಕೆಮ್ಮುವುದನ್ನು ಕಲಿತಳು. ಬಂದ ಕೆಮ್ಮನ್ನು ಲಾಳಿ ಓಡುವವರೆಗೆ ಎದೆಯಲ್ಲಿ ಹಿಡಿದಿಟ್ಟು, ಹಣಿಗೆಯ ಸದ್ದಿನ ಜೊತೆ ಬಿಡುತ್ತಿದ್ದಳು. ಸೆಕೆ ಎಂದು ನೆಪ ಹೇಳಿ ಹೊರಗೆ ಕಟ್ಟೆಯ ಮೇಲೆ ಮಲಗುತ್ತಿದ್ದಳು. ಅಮಾವಾಸ್ಯೆಯ ದಿನ ಮಗ್ಗ ನಡೆಸುವುದಿಲ್ಲ, ಮನೆಯಲ್ಲಿ ಸದ್ದಿರುವುದಿಲ್ಲ. ಅಂದು ಬೆಳಗ್ಗೆಯೇ ಬಟ್ಟೆಯ ಗಂಟು ಹೊತ್ತು ಹೊಳೆಗೆ ಹೋದರೆ ಹೊತ್ತು ಮುಳುಗಿದ ಮೇಲೆಯೇ ಬರುತ್ತಿದ್ದಳು. ಕೆಮ್ಮಿನಲ್ಲಿ ರಕ್ತ ಕಾಣತೊಡಗಿದ ಮೇಲೆ ಕೆಂಪು ನೂಲಿನ ಚಿಂದಿಯಿಂದ ಬಾಯಿ ಒರೆಸಿಕೊಂಡಳು. ಆ ಮನೆಯಲ್ಲಿ ಕೆಂಪು ಚಿಂದಿಗೆ ಬರವಿರಲಿಲ್ಲ. ಇದೆಲ್ಲ ತಿಳಿದದ್ದು ಆಮೇಲೆ, ಹೊಳೆಯಲ್ಲಿ ಆಕೆಯ ಜೊತೆ ಬಟ್ಟೆ ಒಗೆಯುತ್ತಿದ್ದ ಹೆಂಗಸರಿಂದ.

ಹೆಂಡತಿಗೆ ಗುಣವಾಗಿದೆ ಎಂದು ನೇಕಾರ ತಿಳಿದ. ಎಂಟನೆಯ ತಿಂಗಳು, ಒಂಬತ್ತನೆಯ ತಿಂಗಳು ಹೇಳುವವನಿಗೂ ಕೆಮ್ಮು ಕೇಳಿಸಲಿಲ್ಲ. ದವಾಖಾನೆಯ ಮಾತು ಬಿಟ್ಟು ಬರೀ ಕಿಟಕಿಯ ಮಾತು ಹೇಳಿ ಎದ್ದ. ತನ್ನ ಮಾತಿನಿಂದಲೇ ಇಷ್ಟಾದರೂ ಆಯಿತು ಎಂದು ಅವನಿಗೆ ಅನ್ನಿಸಿದ್ದೂ ಉಂಟು.

ಅದಾದ ಎರಡು ವಾರಕ್ಕೆ ಆಕೆ ಸತ್ತಳು. ರಾಟೆಯ ಮುಂದೆ ಕೂತಲ್ಲೇ ಗೋಡೆಗೆ ಒರಗಿದಳು. ಮಗ್ಗ ನಡೆಯುತ್ತಲೇ ಇತ್ತು. ಲಾಳಿಯಲ್ಲಿ ನೂಲು ಮುಗಿದು ಕಂಡಿಕೆಗೆಂದು ಕೈ ಚಾಚಿದಾಗ ನೇಕಾರನಿಗೆ ಗೊತ್ತಾಯಿತು.

ಮಣ್ಣು ಮಾಡಿ ಬಂದ ಮೂರನೆಯ ದಿನ ಮಗಳು ಕೆಮ್ಮಿದಳು. ಮಗ್ಗ ನಿಂತಿತ್ತು, ಮನೆಯಲ್ಲಿ ಸದ್ದಿರಲಿಲ್ಲ, ಅವನಿಗೆ ಕೇಳಿಸಿತು. ಎದ್ದು ಕುರ್ಚಿ ಸರಿಸಿ ಸಂದಿಯ ಚಿಂದಿ ಕಿತ್ತ. ಅರವತ್ತು ವರ್ಷದ ಚಿಲಕ, ಸುತ್ತಿಗೆ ಬೇಕಾಗಬಹುದು ಎಂದುಕೊಂಡಿದ್ದ. ಎರಡು ಬೆರಳಿಗೇ ಬಂತು. ಒಣಗಾಳಿ ಒಳಗೆ ನುಗ್ಗಿತು. ಮಗಳನ್ನು ಎತ್ತಿಕೊಂಡು ಬಸ್ಸಿಗೆ ಹೊರಟ. ಹಿಂದೆ ಮಗ್ಗದ ಮೇಲೆ ಎಳೆಗಳು ಒಂದೊಂದಾಗಿ ಹರಿಯುತ್ತಿದ್ದವು. ಒಂದೊಂದೂ ಅವನಿಗೆ ಕೇಳಿಸಿತು. ತಿರುಗಿ ನೋಡಲಿಲ್ಲ.

ಮಗಳಿಗೆ ಆರು ತಿಂಗಳು ಮಾತ್ರೆ ಕೊಟ್ಟರು. ಅವಳು ಉಳಿದಳು. ಈಗ ಅವಳಿಗೇ ಮಕ್ಕಳಿದ್ದಾರೆ.

ಮುಂದಿನ ತಿಂಗಳು ಹೇಳುವವನು ಹತ್ತು ಗಂಟೆಯ ಬಸ್ಸಿಗೆ ಬಂದ. ಓಣಿಯಿಂದಲೇ ತೆರೆದ ಕಿಟಕಿ ಕಂಡಿತು. ಕೊನೆಗೂ ಮಾತು ನಾಟಿತು ಎಂದು ನಗುತ್ತ ಒಳಗೆ ಬಂದ. ರಾಟೆಯ ಮುಂದೆ ಯಾರೂ ಇರಲಿಲ್ಲ. ಗೋಡೆಯ ಮೇಲೆ ಒಂದು ಹೊಸ ಪಟ, ಅದಕ್ಕೆ ಹೂವಿನ ಹಾರ. ಅವನು ಕುರ್ಚಿಯಲ್ಲಿ ಕೂತ. ನೇಕಾರನೇ ಎದ್ದು ಚಹಾ ಮಾಡಿ ತಂದುಕೊಟ್ಟ. ಕೊಟ್ಟು ಎದುರಿಗೆ ನೆಲದ ಮೇಲೆ ಕೂತ.

“ಅಣ್ಣಾರ, ಒಂಬತ್ತು ಸಲ ಬಂದ್ರಿ,” ಎಂದ. “ಚಿಲಕ ನಿಮ್ಮ ತಲಿ ಮ್ಯಾಲನ ಇತ್ತು, ಕೈ ಎತ್ತಿದ್ರ ಸಿಗ್ತಿತ್ತು. ನೀವು ಹೋಗೂ ಬಸ್ಸು ದವಾಖಾನಿ ಮುಂದನ ನಿಂದರತೈತಿ. ನಾ ಅಂತೂ ಕುಣ್ಯಾಗ ಕುಂತಾಂವ, ನನಗ ನೂಲು ಬಿಟ್ರ ಏನೂ ಕಾಣ್ತಿದ್ದಿಲ್ಲ. ಒಂದ ಸಲ, ಏಳವ್ವಾ ನನ್ನ ಜೋಡಿ ಬಾ ಅಂತ ಆಕೀನ್ನ ಕರಕೊಂಡು ಹೋಗಿದ್ರ ನಾ ಬ್ಯಾಡ ಅಂತಿದ್ನೇನ್ರಿ? ಅದಕ್ಕೂ ಹೂಂ ಅಂತಿದ್ದೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ಹೊರಿಸುವ ಮನಸ್ಸೂ ಇರಲಿಲ್ಲ. ತಿಳಿಯದೆ ಕೇಳುವವನ ಹಾಗೆ ಕೇಳಿದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಗದಿಗೆಯ್ಯ ಕಾದ. ಅವರು ಮುಂದೆ ಹೇಳುವ ಹಾಗೆ ಕಾಣಲಿಲ್ಲ.

“ಅದಕ್ಕೆ ಆ ಹೇಳುವವನು ಏನೆಂದ, ಗುರುಗಳೇ?”

“ನಾನೂ ಹೂಂ ಅಂದೆ.”