ಜೋಜಪ್ಪ ಸ್ವಾಮಿಗಳು ಕೊಟ್ಟ ಚೊಂಬು ನೀರು

ಪೂಜ್ಯ ಜೋಜಪ್ಪ ಸ್ವಾಮಿಗಳು ದೊಣೆಪಾಳ್ಯದ ಹೆಂಚಿನ ದೇವಾಲಯದಲ್ಲಿ ಗುರುಗಳಾಗಿದ್ದಾಗ, ಅವರ ದರ್ಶನಕ್ಕೆ ದೂರದಿಂದ ಬಂದವರು "ಸ್ವಾಮಿಗಳು ಎಲ್ಲಿದ್ದಾರಪ್ಪ?" ಎಂದು ಅವರನ್ನೇ ಕೇಳುತ್ತಿದ್ದುದುಂಟು. ತೇಪೆ ಹಾಕಿದ ನಿಲುವಂಗಿಯನ್ನು ಮೊಣಕಾಲಿಗೆತ್ತಿ ಕಟ್ಟಿ ಬಾವಿಯ ಬಳಿ ಪಾತ್ರೆ ಉಜ್ಜುತ್ತಿರುವವರು ಗುರುಗಳೆಂದು ಯಾರಿಗೆ ತಾನೆ ಹೊಳೆದೀತು? ಆ ಪವಿತ್ರ ಗುರುವಾರದ ಬೆಳಿಗ್ಗೆಯೂ ಹಾಗೆಯೇ. ಪ್ರಭು ಯೇಸು ಶಿಷ್ಯರ ಪಾದ ತೊಳೆದುದರ ನೆನಪಿಗೆ ಸಂಜೆ ಊರವರ ಪಾದ ತೊಳೆಯಬೇಕಿತ್ತು. ಅದಕ್ಕೆಂದು ಸ್ವಾಮಿಗಳು ಹಿತ್ತಾಳೆಯ ಬೋಗುಣಿಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕುಳಿತಿದ್ದರು.

ಅಲ್ಲಿಗೆ ಚೌರಪ್ಪ ಓಡಿಬಂದ. ರೇಷ್ಮೆ ಬೆಳೆಯುವವನು, ಮಾತು ಒರಟು, ಪೂಜೆಗೆ ಬಂದರೆ ಬಾಗಿಲ ಬಳಿಯೇ ನಿಂತು ಹೋಗುವ ಆಸಾಮಿ. ಅಂದು ಮಾತ್ರ ಅವನ ಮುಖದಲ್ಲಿ ನೆತ್ತರಿರಲಿಲ್ಲ.

"ಸ್ತೋತ್ರ ಸ್ವಾಮಿ. ಮೊನ್ನೆ ಆಲಿಕಲ್ಲು ಬಿದ್ದು ನನ್ನ ಹಿಪ್ಪುನೇರಳೆ ಸೊಪ್ಪಿನ ತೋಟ ಪೂರಾ ಚಿಂದಿಯಾಗೋಯ್ತು. ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದವೆ. ಸೊಪ್ಪು ಸುರಿದಷ್ಟೂ ಸಾಲದ ಹೊತ್ತು. ನೀವು ತೀರ್ಥ ಮಂತ್ರಿಸಿ ಕೊಡಿ, ಚಿಮುಕಿಸ್ತೀನಿ. ಹೆಂಗಾದ್ರೂ ಹುಳು ಉಳೀಲಿ!"

ಸ್ವಾಮಿಗಳು ಬೋಗುಣಿ ಕೆಳಗಿಟ್ಟರು. "ಹಳ್ಳದಾಚೆ ಆಲಿಕಲ್ಲು ಬಿದ್ದಿಲ್ಲವಂತೆ?"

ಚೌರಪ್ಪ ತಲೆ ತಗ್ಗಿಸಿದ. ಹಳ್ಳದಾಚೆಯದು ಅವನ ಒಡಹುಟ್ಟಿದ ಅಣ್ಣ ಇನ್ನಾಸಪ್ಪನ ತೋಟ. ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದು ಹಾಗಿರಲಿ, ಕೈತುತ್ತು ಹಾಕಿ ತನ್ನನ್ನು ಬೆಳೆಸಿದ ಅತ್ತಿಗೆ ಸಗಾಯಮ್ಮ ತೀರಿಕೊಂಡಾಗ ಅವನು ಮಣ್ಣಿಗೂ ಹೋಗಿರಲಿಲ್ಲ. ಗುಂಡಿಗೆ ಒಂದು ಹಿಡಿ ಮಣ್ಣು ಹಾಕಲು ಊರಿಗೆ ಊರೇ ನಿಂತಿದ್ದರೆ, ಈ ಮಹಾರಾಯ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ. ಅಯ್ಯೋ, ಅಂಥ ಹಟ!

ಸ್ವಾಮಿಗಳು ಬಾವಿಯಿಂದ ನೀರು ಸೇದಿ, ಒಂದು ಚೊಂಬು ತುಂಬಿ ಅವನ ಕೈಗಿತ್ತರು.

"ಮಂತ್ರಿಸಲೇ ಇಲ್ಲವಲ್ಲ ಸ್ವಾಮಿ?"

"ಇದು ಹುಳುವಿಗಲ್ಲ ಚೌರಪ್ಪ, ನಿಮ್ಮಣ್ಣನ ಕಾಲಿಗೆ. ಮಂತ್ರ ನೀನೇ ಹೇಳಬೇಕು. 'ತಪ್ಪಾಯಿತು ಅಣ್ಣ.' ಅಷ್ಟೇ ಮಂತ್ರ."

ಚೌರಪ್ಪನಿಗೆ ಮೈ ಉರಿದುಹೋಯಿತು. ತೀರ್ಥ ಕೇಳಿದರೆ ಈ ಮನುಷ್ಯ ಬುದ್ಧಿ ಹೇಳುತ್ತಾರಲ್ಲ! ನೀರು ತುಳುಕಿಸುತ್ತಾ ದಡದಡನೆ ಮನೆಗೆ ಹೋದ. ಹುಳುವಿನ ಮನೆಯ ಬಾಗಿಲು ತೆಗೆದರೆ ಸದ್ದೇ ಇಲ್ಲ. ಸೊಪ್ಪು ಮೇಯುವ ಹುಳುಗಳ ಸದ್ದು ಕೇಳಿದವರಿಗೆ ಗೊತ್ತು, ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ ಒಂದೇ ಸಮ ಇರುತ್ತದೆ. ಅಂದು ಹುಳುಗಳೆಲ್ಲ ಬರಿದಾದ ಕಡ್ಡಿಗಳ ಮೇಲೆ ತಲೆಯೆತ್ತಿ ಅತ್ತಿತ್ತ ಆಡಿಸುತ್ತಾ ಹುಡುಕುತ್ತಿದ್ದವು. ಆ ಮೌನ ಅವನಿಂದ ತಡೆಯಲಾಗಲಿಲ್ಲ. ಕೆಳಗಿಟ್ಟಿದ್ದ ಚೊಂಬನ್ನು ಮತ್ತೆ ಎತ್ತಿಕೊಂಡು ಹಳ್ಳ ದಾಟಿದ.

ಇನ್ನಾಸಪ್ಪ ತೋಟದಿಂದ ಬಂದು, ಮಣ್ಣುಗಾಲಿನಲ್ಲೇ ಜಗಲಿಯ ಮೇಲೆ ಕೂತಿದ್ದ. ತಮ್ಮ ಬಂದು ಕುಕ್ಕರಗಾಲಲ್ಲಿ ಕೂತು ಕಾಲಿಗೆ ನೀರು ಹಾಕಿದಾಗ ಬೆಚ್ಚಿ ಕಾಲೆಳೆದುಕೊಂಡ.

"ಏನೋ ಇದು? ಸೊಪ್ಪು ಬೇಕಾಗಿ ಬಂದ್ಯಾ?"

"ಹೂಂ ಅಣ್ಣ, ಸೊಪ್ಪಿಗೇ ಬಂದೆ. ಸುಳ್ಳು ಯಾಕೆ ಹೇಳ್ಲಿ." ಚೌರಪ್ಪ ಚೊಂಬು ಕೆಳಗಿಟ್ಟ. "ಕೊಡದಿದ್ರೂ ಸರಿ. ತಪ್ಪಾಯ್ತು ಅಣ್ಣ. ಅತ್ತಿಗೆ ಮಣ್ಣಿಗೆ ನಾನು ಬರ್ಲಿಲ್ಲ. ಅವತ್ತಿಂದ ಒಂದು ತುತ್ತೂ ನೆಟ್ಟಗೆ ಇಳಿದಿಲ್ಲ ಕಣಣ್ಣ."

ಇನ್ನಾಸಪ್ಪ ಎಳೆದುಕೊಂಡಿದ್ದ ಕಾಲನ್ನು ಮುಂದಕ್ಕೆ ಚಾಚಿದ. ಅದು ತೊಳೆದಾದ ಮೇಲೆ ಇನ್ನೊಂದನ್ನೂ ಚಾಚಿ, "ಇದನ್ನ ಯಾರು ತೊಳೀತಾರೆ, ನಿಮ್ಮಪ್ಪನಾ?" ಎಂದ. ಬೈಗುಳವೇ ಸರಿ, ಆದರೆ ಹೇಳುವಾಗ ಅವನ ಕಣ್ಣು ತುಂಬಿತ್ತು.

ಅಂದು ಸಂಜೆ ದೇವಾಲಯದ ಗಂಟೆ ಬಾರಿಸಿದಾಗ ಅಣ್ಣತಮ್ಮಂದಿರು ಇನ್ನೂ ಸೊಪ್ಪು ಹೊರುತ್ತಿದ್ದರು. ಪೂಜೆ ಮುಗಿದ ಮೇಲೆ ಸ್ವಾಮಿಗಳು ತಾವೇ ಬೋಗುಣಿಯನ್ನು ಕಂಕುಳಲ್ಲಿಟ್ಟುಕೊಂಡು ಚೌರಪ್ಪನ ಮನೆಗೆ ದಯಮಾಡಿಸಿದರು. ಹುಳುವಿನ ಮನೆಗೆ ಹೊರಗಿನವರು ಹೋಗಬಾರದೆಂದು ಬಾಗಿಲಲ್ಲೇ ನಿಂತರು. ಒಳಗಿನಿಂದ ತುಂತುರಿನ ಸದ್ದು ಕೇಳಿಬರುತ್ತಿತ್ತು.

"ತೀರ್ಥ ಫಲಿಸಿತೇ ಚೌರಪ್ಪ?"

"ಹುಳುವಿನದು ಇನ್ನೂ ಗೊತ್ತಿಲ್ಲ ಸ್ವಾಮಿ. ಅಣ್ಣ ಮನೆಗೆ ಬಂದವನೆ."

ಸ್ವಾಮಿಗಳು ಮುಗುಳ್ನಕ್ಕು, ಇಬ್ಬರನ್ನೂ ಹೊರಗೆ ಕರೆದು ಕೂರಿಸಿ, ಸೊಪ್ಪಿನ ತೋಟದ ಮಣ್ಣು ಮೆತ್ತಿದ್ದ ಆ ಕಾಲುಗಳನ್ನು ತೊಳೆದು ಒರೆಸಿದರು.

ಹಸಿವಿಗೆ ಸೊರಗಿದ ಒಂದಷ್ಟು ಹುಳು ಸತ್ತವು, ಉಳಿದವು ಗೂಡು ಕಟ್ಟಿದವು. ಆ ಸಲದ ಬೆಳೆ ಹೇಗಾಯಿತೆಂದು ಯಾರಾದರೂ ಕೇಳಿದರೆ ಚೌರಪ್ಪ "ಅಣ್ಣ ಬಂದ ವರ್ಷ ಅಲ್ಲವಾ, ಚೆನ್ನಾಗೇ ಆಯ್ತು" ಎನ್ನುತ್ತಿದ್ದ. ಊರಲ್ಲಿ ಯಾರಿಗೆ ಸೊಪ್ಪು ಸಾಲದೆ ಬಂದರೂ ಕೇಳುವ ಮೊದಲೇ ಅವನ ಹೊರೆ ಅವರ ಬಾಗಿಲಲ್ಲಿರುತ್ತಿತ್ತು. ಆದರೆ ಅವೆಲ್ಲ ಆಮೇಲಿನ ಮಾತು. ಮರುದಿನ, ಶುಭ ಶುಕ್ರವಾರ ಬೆಳಿಗ್ಗೆ, ಅವನು ಅಣ್ಣನ ಕೈ ಹಿಡಿದು ಸಗಾಯಮ್ಮನ ಸಮಾಧಿಗೆ ಹೋದ. ಮಂಡಿಯೂರಿ, ಅಂದು ಹಾಕದೆ ಉಳಿಸಿಕೊಂಡಿದ್ದ ಒಂದು ಹಿಡಿ ಮಣ್ಣನ್ನು ಅತ್ತಿಗೆಗೆ ಹಾಕಿದ.