ಹಂಡ್ಯಾನಿಗೆ ಹೇಳಿದ ಹಾಗೆ

ಮಲಪ್ರಭೆಯ ದಂಡೆಗೆ ಸಮೀಪದ ಹಿರೇಬಾವಿ ಎಂಬ ಊರಿನ ಅಂಚಿನಲ್ಲಿ, ಮೆಟ್ಟಿಲುಬಾವಿಯ ಪಕ್ಕದ ಕಲ್ಲುಮಂಟಪದಲ್ಲಿ ಪೂಜ್ಯ ಬಸಲಿಂಗಮ್ಮ ತಾಯಿಯವರು ನೆಲೆಸಿದ್ದ ಕಾಲವದು. ಮಂಟಪಕ್ಕೆ ಬಾಗಿಲಿರಲಿಲ್ಲ. ಉಟ್ಟ ಸೀರೆ, ಒಗೆದು ಹರವಿದ ಸೀರೆ, ಹೊದೆಯಲು ಒಂದು ಕಂಬಳಿ, ಮೂಲೆಯಲ್ಲಿ ಲಿಂಗದ ಮುಂದೆ ಒಂದು ದೀಪ, ಇದಿಷ್ಟೇ ಅವರ ಸಂಸಾರ. ಹಗಲೆಲ್ಲ ಕಾಲು ನೀಡಿ ಕುಳಿತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಅವರು ಹೊಸೆದ ಬತ್ತಿ ಊರಿನ ಎಲ್ಲ ಮನೆಗಳ ದೇವರಗೂಡಿಗೂ ಹೋಗುತ್ತಿತ್ತು.

ಪವಾಡ ನೋಡಲೆಂದು ಗಾಡಿ ಕಟ್ಟಿಕೊಂಡು ಬಂದವರಿಗೆ ತಾಯಿಯವರಿಂದ ಬಲು ನಿರಾಶೆಯಾಗುತ್ತಿತ್ತು. ಅವರು ಕಣ್ಣು ಮುಚ್ಚಿ ಭವಿಷ್ಯ ನುಡಿದವರಲ್ಲ, ಬೂದಿಯಿಂದ ಹೂವು ತೆಗೆದವರೂ ಅಲ್ಲ. "ರೊಟ್ಟಿ ಅದಾವ, ಉಂಡು ಹೋಗ್ರಿ" ಎನ್ನುವುದೇ ಅವರ ದೊಡ್ಡ ಉಪದೇಶ. ದೂರದಿಂದ ಬಂದ ಶ್ರೀಮಂತರು ಅದನ್ನು ಕೇಳಿ ಮುಖ ಸಿಂಡರಿಸಿಕೊಂಡು, ಉಣ್ಣದೇ ಗಾಡಿ ಹತ್ತುತ್ತಿದ್ದರು. ಹೋಗಲಿ ಬಿಡಿ, ಅವರ ಪಾಲಿಗೆ ಬಂದದ್ದು ಅಷ್ಟೇ.

ಮಂಟಪದಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಗಾಣಿಗೇರ ಈರಸಂಗಪ್ಪನ ಗಾಣವಿತ್ತು. ಈಗ ಹಿರೇಬಾವಿಗೆ ಹೋದರೆ ಆ ಗಾಣದ ಒರಳನ್ನು ತಲೆಕೆಳಗು ಮಾಡಿ ಯಾರೋ ಬಟ್ಟೆ ಒಗೆಯುವುದು ಕಾಣುತ್ತದೆ. ಆದರೆ ಆ ದಿನಗಳಲ್ಲಿ ಬೆಳಗು ಹರಿಯಿತೆಂದರೆ ಊರು ಏಳುತ್ತಿದ್ದದ್ದೇ ಅದರ ಕಿರುಗುಟ್ಟುವ ಸದ್ದಿಗೆ. ಹಸಿ ಕುಸುಬಿ ಎಣ್ಣೆಯ ಘಮ ಬೀದಿಗೆಲ್ಲ ಹಬ್ಬಿರುತ್ತಿತ್ತು. ಒರಳಿನಿಂದ ತೆಗೆದ ಬಿಸಿ ಹಿಂಡಿಗೆ ಬೆಲ್ಲ ಕಲಸಿ ಕಾಶವ್ವ ಮಕ್ಕಳ ಕೈಗೆ ಒಂದೊಂದು ಉಂಡೆ ಹಾಕುತ್ತಿದ್ದಳು. ಆಕೆ ಈರಸಂಗಪ್ಪನ ಹೆಂಡತಿ. ಆ ಉಂಡೆ ತಿಂದು ಬೆಳೆದವರು ಇಂದಿಗೂ ಅದರ ರುಚಿ ನೆನೆಯುತ್ತಾರೆ.

ಆ ಗಾಣದ ಎತ್ತಿನ ಹೆಸರು ಹಂಡ್ಯಾ. ಬಿಳಿ ಮೈಮೇಲೆ ಕಪ್ಪು ಹಂಡಬಂಡ ಪಟ್ಟೆಯಿದ್ದುದರಿಂದ ಆ ಹೆಸರು. ಕರುವಾಗಿದ್ದಾಗ ತಾಯಿ ಹಸು ಸತ್ತದ್ದಕ್ಕೆ ಕಾಶವ್ವ ಬಟ್ಟೆಯ ತುದಿಯನ್ನು ಹಾಲಿಗೆ ಅದ್ದಿ ಚೀಪಿಸಿ ಸಾಕಿದ್ದಳು. ಮಕ್ಕಳಿಲ್ಲದ ಆ ಮನೆಯಲ್ಲಿ ಅದು ಎತ್ತಾಗಿ ಬೆಳೆಯಲಿಲ್ಲ, ಮಗನಾಗಿ ಬೆಳೆಯಿತು ಎಂದು ಊರವರೇ ಹೇಳುತ್ತಿದ್ದರು.

ಗಾಣಕ್ಕೆ ಹೂಡಿದ ಎತ್ತಿಗೆ ಕಣ್ಣು ಕಟ್ಟುವುದು ರೂಢಿ. ಒಂದೇ ಜಾಗದಲ್ಲಿ ಸುತ್ತುವುದು ಕಂಡರೆ ಅದಕ್ಕೆ ತಲೆ ತಿರುಗುತ್ತದೆ. ಆದರೆ ಕಣ್ಣು ಕಟ್ಟಿದ ಎತ್ತು ತನ್ನವರು ಹತ್ತಿರವಿದ್ದಾರೋ ಇಲ್ಲವೋ ತಿಳಿಯದೆ ಅಂಜುತ್ತದೆ. ಅದಕ್ಕೆಂದೇ ಗಾಣಿಗರು ಮಾತಾಡುತ್ತಲೇ ಇರಬೇಕು. ಈರಸಂಗಪ್ಪನಂತೂ ಈ ಕೆಲಸಕ್ಕೆಂದೇ ಹುಟ್ಟಿದವನು. ಊರಿನಲ್ಲಿ ಯಾರ ಮನೆಯ ಎಮ್ಮೆ ಈದಿತು, ಯಾರ ಮಗಳನ್ನು ನೋಡಲು ಬೀಗರು ಬಂದರು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಎಲ್ಲವನ್ನೂ ಹಂಡ್ಯಾನಿಗೆ ವರದಿ ಒಪ್ಪಿಸುತ್ತಿದ್ದ. "ಕೇಳಿದೇನಪಾ ನನ ದೊರಿ, ನಿನ್ನಿ ಕುಲಕರ್ಣ್ಯಾರ ಮನ್ಯಾಗ ಏನಾತು ಗೊತ್ತೇನು" ಎಂದು ಶುರು ಮಾಡಿದರೆ ಒರಳಿಗೆ ಹಾಕಿದ ಕುಸುಬಿ ಅರೆದು ಮುಗಿಯುವವರೆಗೂ ಬಿಡುವಿಲ್ಲ. ಹಂಡ್ಯಾ ಒಂದು ಕಿವಿಯನ್ನು ಅವನ ಕಡೆ ತಿರುಗಿಸಿಕೊಂಡೇ ಸುತ್ತುತ್ತಿತ್ತು. ಅವನು ಮಾತು ನಿಲ್ಲಿಸಿದರೆ ಎತ್ತೂ ನಿಲ್ಲುತ್ತಿತ್ತು.

"ನನ್ನ ಕೂಡ ಇಷ್ಟು ಮಾತಾಡಿದ್ರ ನಾನೂ ಗಾಣ ತಿರುಗಿಸ್ತಿದ್ದೆ" ಎಂದು ಕಾಶವ್ವ ನಗುತ್ತಿದ್ದಳು.

ವಯಸ್ಸಾದ ಮೇಲೆ ಹಂಡ್ಯಾನ ನೊಗ ಬಿಡಿಸಿ, ಅಂಗಳದ ಬೇವಿನ ಗಿಡದ ಕೆಳಗೆ ಕಟ್ಟಿದರು. ಹೊಸ ಎತ್ತು ಬಂತು. ಆದರೂ ಈರಸಂಗಪ್ಪ ಸುದ್ದಿ ಹೇಳುತ್ತಿದ್ದದ್ದು ಹಂಡ್ಯಾನಿಗೇ. ನೊಗವಿಲ್ಲದಿದ್ದರೇನು, ಮಲಗಿದಲ್ಲಿಂದಲೇ ಆ ಕಿವಿ ತಿರುಗುತ್ತಿತ್ತು. ಸೋಮವಾರ ಮಾತ್ರ ಗಾಣಕ್ಕೆ ಬಿಡುವು. ಅಂದು ಗಾಣದ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಆ ದಿನ ಈರಸಂಗಪ್ಪ ಮಂಟಪದ ದೀಪಕ್ಕೆ ಎಣ್ಣೆ ಒಯ್ದು ಕೊಟ್ಟು ಬರುತ್ತಿದ್ದ.

ಒಂದು ಬೇಸಿಗೆಯಲ್ಲಿ ಹಂಡ್ಯಾ ತಲೆ ಕೊಡವತೊಡಗಿತು. ಬಲಗೋಡು ಸ್ವಲ್ಪ ಜೋತಂತೆ ಕಂಡಿತು. ಗೂಟಕ್ಕೆ ಬಡಿದುಕೊಂಡಿರಬೇಕೆಂದು ಈರಸಂಗಪ್ಪ ಅರಿಸಿನ ಎಣ್ಣೆ ಹಚ್ಚಿದ. ಕಡಿಮೆಯಾಗಲಿಲ್ಲ. ಒಂದು ಬೆಳಿಗ್ಗೆ ಮೂಗಿನಿಂದ ರಕ್ತ ಇಳಿದಿತ್ತು. ತಾಲೂಕಿನಿಂದ ದನದ ಡಾಕ್ಟರನ್ನು ಕರೆಸಿದ. ಕುಂದರಗಿ ಎಂಬ ಆ ಡಾಕ್ಟರು ಒಳ್ಳೆಯವರು. ಕೋಡಿನ ಬುಡವನ್ನು ಮೆಲ್ಲಗೆ ಒತ್ತಿ ನೋಡಿ, ಮೂಗು ನೋಡಿ, ಕೈ ತೊಳೆದುಕೊಂಡು ಬೇವಿನ ಕಟ್ಟೆಯ ಮೇಲೆ ಕುಳಿತರು.

"ಕೋಡಿನ ಕ್ಯಾನ್ಸರ್ ಅದ, ಸಂಗಪ್ಪ. ಹರೇದ ಎತ್ತಾಗಿದ್ರ ಕೋಡು ತಗದು ನೋಡತಿದ್ದೆ. ಈಗ ಒಳಗ ಹಬ್ಬೇತಿ. ನೋವಿಗೆ ಔಷಧ ಕೊಡ್ತೇನಿ. ಕಾರಹುಣ್ಣಿವಿ ಕಂಡ್ರ ದೊಡ್ಡದು."

ಎತ್ತುಗಳ ಕೋಡಿಗೆ ಬಣ್ಣ ಬಳಿದು ಮೆರೆಸುವ ಹಬ್ಬ ಅದು. ಪ್ರತಿ ವರ್ಷ ಹಂಡ್ಯಾನ ಕೋಡಿಗೆ ಈರಸಂಗಪ್ಪ ತಾನೇ ಬಣ್ಣ ಹಚ್ಚುತ್ತಿದ್ದ. ಡಾಕ್ಟರು ಹೋದ ಮೇಲೆ ಅವನು ಹಂಡ್ಯಾನನ್ನು ಬೇವಿನ ಗಿಡದಿಂದ ಬಿಡಿಸಿ ಹಿತ್ತಲಿನ ಕೊಟ್ಟಿಗೆಗೆ ಕಟ್ಟಿದ. ಅಲ್ಲಿ ತಂಪಾಗಿರುತ್ತದೆ ಎಂದು ಕಾಶವ್ವನಿಗೆ ಹೇಳಿದ. ನಿಜ ಅದಲ್ಲ. ಆ ಜೋತ ಕೋಡು ಕಣ್ಣಿಗೆ ಬೀಳುವುದು ಅವನಿಗೆ ಬೇಡವಾಗಿತ್ತು.

ಅಂದಿನಿಂದ ಅವನ ಬಾಯಿಗೆ ಬೀಗ ಬಿದ್ದಿತು. ಹೊಸ ಎತ್ತನ್ನು ಲೊಚ್ಚೆಂದು ನಾಲಿಗೆ ಸದ್ದು ಮಾಡಿ ನಡೆಸಿದ. ಕೊಟ್ಟಿಗೆಗೆ ನೀರು, ಮೇವು, ಔಷಧ ಎಲ್ಲವನ್ನೂ ಹೊತ್ತು ಹೊತ್ತಿಗೆ ಒಯ್ದ. ಆದರೆ ಇಟ್ಟವನೇ ಮುಖ ತಪ್ಪಿಸಿ ಬಂದುಬಿಡುತ್ತಿದ್ದ. ಬಾಯಿ ತೆರೆದರೆ ಅಳು ಬರುತ್ತಿತ್ತು, ಎತ್ತಿನ ಮುಂದೆ ಅಳಬಾರದು ಎಂದು ಹಟ. ಹಂಡ್ಯಾ ಮೇವು ಮುಟ್ಟಲಿಲ್ಲ. ಮೇವು ಮುಟ್ಟದ್ದನ್ನು ನೋಡಿ ಇವನ ಸಂಕಟ ಇನ್ನೂ ಹೆಚ್ಚಿತು. ಕೊನೆಗೆ ಹೊಳೆಯಾಚೆಯ ಊರಿನಲ್ಲಿದ್ದ ಕಾಶವ್ವನ ಅಣ್ಣನಿಗೆ ಹೇಳಿಕಳಿಸಿದ. ಅವನ ಹೊಲದಲ್ಲಿ ನೆರಳಿದೆ, ಮೇವಿದೆ, ಕೊನೆಗಾಲ ಅಲ್ಲೇ ಕಳೆಯಲಿ, ಗಾಡಿ ತೆಗೆದುಕೊಂಡು ಬಾ ಎಂದ. ಕಾಶವ್ವ ಒಲೆಯ ಮುಂದೆ ಕುಳಿತು ಅತ್ತಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗಾಡಿ ಬರುವ ದಿನ ಸೋಮವಾರ. ಈರಸಂಗಪ್ಪ ಎಣ್ಣೆಯ ಗಿಂಡಿ ಹಿಡಿದು ಮಂಟಪಕ್ಕೆ ಬಂದ. ತಾಯಿಯವರು ಬತ್ತಿ ಹೊಸೆಯುತ್ತ ಕುಳಿತಿದ್ದರು. ಗಿಂಡಿಯನ್ನು ಕಂಬದ ಬುಡದಲ್ಲಿ ಕುಕ್ಕಿ ಇಟ್ಟು ಅವನು ನಿಂತೇ ಮಾತಾಡಿದ.

"ಇದು ಕಡೀ ಎಣ್ಣಿರಿ, ಯವ್ವಾ. ಇನ್ನ ಮ್ಯಾಲೆ ನಾ ತರೂದಿಲ್ಲ. ಈ ದೀಪಕ್ಕ ಹಂಡ್ಯಾ ಎಷ್ಟು ಸುತ್ತು ತಿರಗ್ಯಾನ, ನಿಮಗೂ ಗೊತ್ತೈತಿ. ಅದಕ್ಕ ದೇವರು ಕೊಟ್ಟಿದ್ದು ಏನು? ಕ್ಯಾನ್ಸರು. ಇಂಥಾ ದೇವರಿಗೆ ದೀಪ ಯಾಕ ಬೇಕ್ರಿ?"

ಬಾವಿಯ ಬಳಿ ನೀರು ಸೇದುತ್ತಿದ್ದ ಹೆಂಗಸರು ಹಗ್ಗ ಹಿಡಿದು ಹಾಗೇ ನಿಂತರು. ತಾಯಿಯವರ ಮುಂದೆ ಯಾರೂ ಹಾಗೆ ಮಾತಾಡಿದ್ದಿಲ್ಲ. ತಾಯಿಯವರ ಮುಖದಲ್ಲಿ ಕೋಪವಾಗಲೀ ಬೇಸರವಾಗಲೀ ಕಾಣಲಿಲ್ಲ. ಕೈಯಲ್ಲಿದ್ದ ಬತ್ತಿ ಹೊಸೆದು ಮುಗಿಸಿ ಪಕ್ಕಕ್ಕಿಟ್ಟರು.

"ಹಂಡ್ಯಾ ಮೇವು ತಿಂತಾನೇನು?"

"ಇಲ್ರಿ. ಬ್ಯಾನಿಗೆ ಬಿಟ್ಟಾನ. ಬೂದಿ ಮಂತ್ರಿಸಿ ಕೊಡ್ರಿ ಅಂತ ಕೇಳಾಕೂ ನನಗ ಮನಸ್ಸಿಲ್ಲ."

"ಬೂದಿ ಹಣಿಗೆ ಹಚ್ಚಾಕ. ಬ್ಯಾನಿಗೆ ಡಾಕ್ಟರ ಔಷಧ ಕೊಡು." ತಾಯಿಯವರು ಗಾಣದ ಕಡೆ ಮುಖ ತಿರುಗಿಸಿದರು. "ನಿನ್ನ ದನಿ ಈಗ ನನಗಿಲ್ಲಿ ಕೇಳಸವಲ್ದು. ಅವನಿಗೂ ಕೇಳಸವಲ್ದೇನು?"

ಈರಸಂಗಪ್ಪ ತಲೆ ತಗ್ಗಿಸಿದ. "ಏನಂತ ಮಾತಾಡ್ಲಿರಿ? ಬಾಯಿ ತಗದ್ರ ಅಳು ಬರತೈತಿ."

"ಅಳಕೋತ ಮಾತಾಡು. ಅವನೇನು ನಗ್ತಾನೇನು?" ಎಂದರು ತಾಯಿಯವರು. ಆಮೇಲೆ ಅವನ ಕಡೆ ನೇರವಾಗಿ ನೋಡಿ, "ಅವನ ಕಣ್ಣು ಕಟ್ಟಿದವ ನೀನು, ಸಂಗಪ್ಪ. ಇಷ್ಟು ವರ್ಷ ನಿನ್ನ ದನಿ ಹಿಡಕೊಂಡು ನಡದಾನ. ದಾರಿ ಮುಗಿಯೂ ಹೊತ್ತಿನಾಗ ಅದನ್ನ ಕಸಗೋಬ್ಯಾಡ" ಎಂದರು.

ಇನ್ನೊಂದು ಎಳೆ ಹತ್ತಿ ಕೈಗೆತ್ತಿಕೊಂಡರು.

ಈರಸಂಗಪ್ಪ ಮನೆಗೆ ಬಂದಾಗ ಗಾಡಿ ಬಾಗಿಲಲ್ಲಿ ನಿಂತಿತ್ತು. ಕಾಶವ್ವನ ಅಣ್ಣ ಹಂಡ್ಯಾನ ಹಗ್ಗ ಹಿಡಿದು ಅಂಗಳಕ್ಕೆ ತಂದಿದ್ದ. ಎತ್ತು ಹೆಜ್ಜೆ ಕೀಳದೆ, ಕತ್ತು ಇಳಿಬಿಟ್ಟು ನಿಂತಿತ್ತು. ಎರಡೂ ಕಿವಿ ಜೋತು ಬಿದ್ದಿದ್ದವು. ಅದನ್ನು ಕಂಡಾಗ ಈರಸಂಗಪ್ಪನಿಗೆ ತಾನು ಏನು ಮಾಡಿದ್ದೇನೆಂಬುದು ಅರಿವಾಯಿತು. ನೋವಿಗಿಂತ ಮೊದಲು ತಾನೇ ಅದನ್ನು ಕತ್ತಲಿಗೆ ತಳ್ಳಿದ್ದ. ಅದರ ಬದಿಗೆ ಹೋಗಿ ನಿಂತ. ಬಾಯಿಂದ ಹೊರಟದ್ದು ಹಳೆಯ ಮಾತೇ.

"ಕೇಳಿದೇನಪಾ ನನ ದೊರಿ... ನಿಮ್ಮ ಸೋದರಮಾವ ಬಂದಾನ. ನಿನ್ನ ಒಯ್ಯಾಕ. ಹೊಳಿ ದಾಟಿ ಬಂದಾನ, ಧೋತರ ನೋಡು, ಮೊಣಕಾಲತನಕಾ ರಾಡಿ..."

ಹಂಡ್ಯಾನ ಎಡಗಿವಿ ಮೆಲ್ಲಗೆ ಮೇಲೆದ್ದು ಅವನ ಕಡೆ ತಿರುಗಿತು. ಈರಸಂಗಪ್ಪ ಅಲ್ಲೇ ಅದರ ಕೊರಳು ತಬ್ಬಿ ಅತ್ತ. ಅಳುತ್ತಲೇ ಊರಿನ ಬಾಕಿ ಸುದ್ದಿಯನ್ನೆಲ್ಲ ಹೇಳಿದ. ಕಾಶವ್ವ ನೆನೆಸಿದ ಹಿಂಡಿಯನ್ನು ಅಂಗೈಯಲ್ಲಿ ಹಿಡಿದು ಬಂದಾಗ ಎತ್ತು ಎರಡು ತುತ್ತು ನೆಕ್ಕಿತು. ಅವಳ ಅಣ್ಣ ಉಂಡು, ಖಾಲಿ ಗಾಡಿ ಹೊಡೆದುಕೊಂಡು ಹೋದ.

ಹಂಡ್ಯಾ ಬದುಕಿದ್ದೇ ತಾಯಿಯವರ ಪವಾಡವೆಂದು ಕೆಲವರು ಈ ಕತೆಗೆ ಬಾಲ ಕಟ್ಟುತ್ತಾರೆ. ಹಂಡ್ಯಾ ಬದುಕಲಿಲ್ಲ. ರೋಗ ತನ್ನ ಪಾಡಿಗೆ ತಾನು ಬೆಳೆಯಿತು. ಆದರೆ ಎತ್ತು ಮತ್ತೆ ಬೇವಿನ ಗಿಡದ ಕೆಳಗೆ ಬಂತು, ಗಾಣದ ಮನೆಯಿಂದ ಮತ್ತೆ ದನಿ ಕೇಳತೊಡಗಿತು. ಕಾರಹುಣ್ಣಿಮೆಯನ್ನೂ ಅದು ಕಂಡಿತು. ಈರಸಂಗಪ್ಪ ಎಡಗೋಡಿಗೆ ಕೆಂಪು ಬಣ್ಣ ಹಚ್ಚಿದ. ನೋವಿನ ಕೋಡನ್ನು ಮುಟ್ಟದೆ ಹಾಗೇ ಬಿಟ್ಟ. ಆಗ ತಾಯಿಯವರು ತಾವಾಗಿಯೇ ಅಂಗಳಕ್ಕೆ ಬಂದರು. ತಾವು ಹೊಸೆದ ಹತ್ತಿಯ ಬತ್ತಿಯೊಂದನ್ನು ಬಣ್ಣದಲ್ಲಿ ಅದ್ದಿ, ಬಲಗೋಡಿನ ಮೇಲೆ ನೋವಾಗದ ಹಾಗೆ ಒಂದೇ ಒಂದು ಗೆರೆ ಎಳೆದರು.

ಮುಂದಿನ ಒಂದು ಸೋಮವಾರ ಹಂಡ್ಯಾ ಹೋಯಿತು. ಗಾಣ ನಿಂತಿದ್ದರಿಂದ ಅಂಗಳದಲ್ಲಿ ಈರಸಂಗಪ್ಪನ ಮಾತು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬಡಿಗೇರ ಮನೆಯ ಮದುವೆಯಲ್ಲಿ ಬೀಗರಿಗೆ ಹೋಳಿಗೆ ಸಾಲದೆ ಆದ ರಂಪವನ್ನು ಅವನು ಹೇಳುತ್ತಿದ್ದ. ನಡುವೆ ಅವನ ಕಡೆ ತಿರುಗಿದ್ದ ಹಂಡ್ಯಾನ ಕಿವಿ ಜೋತು ಬಿತ್ತು. ಅದು ಅವನಿಗೆ ಕಂಡಿತು. ಆದರೂ ಮಾತನ್ನು ಅರ್ಧಕ್ಕೆ ಬಿಡಲಿಲ್ಲ. ಬೀಗರು ಸಮಾಧಾನವಾಗಿ ಉಂಡು ಎದ್ದರೆಂಬಲ್ಲಿಗೆ ಮುಗಿಸಿ, ಆಮೇಲೆ ಅದರ ಕಣ್ಣು ಮುಚ್ಚಿದ. ಆ ಸಂಜೆಯೂ ಎಣ್ಣೆಯ ಗಿಂಡಿ ಮಂಟಪಕ್ಕೆ ಹೋಯಿತು. ಮುಂದೆಯೂ ಯಾವ ಸೋಮವಾರವೂ ತಪ್ಪಲಿಲ್ಲ.

ವರ್ಷಗಳು ಉರುಳಿದವು. ಊರಿಗೆ ಎಣ್ಣೆ ಗಿರಣಿ ಬಂತು. ಈರಸಂಗಪ್ಪ ಮುದುಕನಾದ. ತಾಯಿಯವರು ಅವನಿಗಿಂತಲೂ ಮುಪ್ಪಾದರು. ಕಣ್ಣಿಗೆ ಪೊರೆ ಬಂದು ನೋಟ ಹೋದರೂ ಬತ್ತಿ ಹೊಸೆಯುವ ಕೈ ನಿಲ್ಲಲಿಲ್ಲ. ಅದೂ ನಿಂತ ದಿನ ಸುದ್ದಿ ತಿಳಿದು ಭಕ್ತರು ಮಂಟಪದ ತುಂಬ ಕೂಡಿದರು. ಹೆಂಗಸರು ದುಃಖದಿಂದ ಬಾಯಿಗೆ ಸೆರಗು ಹಿಡಿದು, ಗಂಡಸರು ಉಸಿರು ಬಿಗಿಹಿಡಿದು ನಿಂತಿದ್ದರು. ತಾಯಿಯವರ ಕೈ ಚಾಪೆಯ ಮೇಲೆ ಏನನ್ನೋ ಹುಡುಕಿತು.

"ಯಾರೂ ಇಲ್ಲೇನು?" ಎಂದರು.

ಕಂಬಕ್ಕೆ ಒರಗಿ ಕುಳಿತಿದ್ದ ಈರಸಂಗಪ್ಪ ಹತ್ತಿರ ಸರಿದು ಆ ಕೈ ಹಿಡಿದ. "ಎಲ್ಲಾರೂ ಅದಾರ್ರಿ, ಯವ್ವಾ. ನಾನೂ ಅದೇನ್ರಿ. ಸಂಗಪ್ಪ."

"ಮತ್ತ ಸುಮ್ಮನ ಯಾಕ ಕುಂತಿ?" ತಾಯಿಯವರ ದನಿ ತೀರ ಸಣ್ಣದಾಗಿತ್ತು. "ಕಣ್ಣು ಕಾಣವಲ್ದು. ಹಂಡ್ಯಾಗ ಹೇಳಿದಂಗ ಹೇಳು."

ಈರಸಂಗಪ್ಪನ ಕಣ್ಣೀರು ಇಳಿದು ಗಡ್ಡಕ್ಕೆ ಸೇರಿತು. ಅವನು ಒರೆಸಿಕೊಳ್ಳಲಿಲ್ಲ.

"ಕೇಳಿದ್ರೇನ್ರಿ ಯವ್ವಾ" ಎಂದು ಶುರು ಮಾಡಿದ. "ಈ ಸಲ ಕುಸುಬಿ ಭಾಳ ಛಲೋ ಐತ್ರಿ. ಬಾವಿಯಿಂದ ಹೊಳೀತನಕಾ ಹೂವೇ ಹೂವು. ನಿನ್ನಿ ಕಾಶವ್ವ ಆ ಹೊಲದಾಗ ಹಾದು ಬರಾಕ ಹೋಗಿ, ಸೀರಿ ತುಂಬಾ ಮುಳ್ಳು ಹತ್ತಿಸಿಕೊಂಡು..."

ತಾಯಿಯವರ ಮುಖದಲ್ಲಿ ನಗು ಮೂಡಿತು. ಕೇಳುತ್ತ ಕೇಳುತ್ತ ಅವನ ಕೈಯೊಳಗಿನ ಕೈ ಸಡಿಲವಾಯಿತು. ಸುತ್ತ ನಿಂತವರಿಗೆ ಅದು ತಿಳಿದು ಅಳು ಎದ್ದಿತು. ಈರಸಂಗಪ್ಪನಿಗೂ ತಿಳಿಯಿತು. ಆದರೆ ಅವನ ಸುದ್ದಿಯಲ್ಲಿ ಕಾಶವ್ವ ಇನ್ನೂ ಹೊಲದ ನಡುವೆಯೇ ಇದ್ದಳು. ಅವಳ ಸೀರೆಯ ಮುಳ್ಳು ಬಿಡಿಸಿ, ಅವಳನ್ನು ಬದು ಹತ್ತಿಸಿ, ಮನೆಯ ಬಾಗಿಲಿಗೆ ತಂದು ಮುಟ್ಟಿಸಿದ ಮೇಲೆಯೇ ಅವನು ಮಾತು ನಿಲ್ಲಿಸಿದ.